ಏಳನೇ ನಂಬರಿನ ಕೋಲು

ಗಾಲ್ಫ್ ಅಂದ ಕೂಡಲೇ "ಅದು ಸಾಹೇಬರ ಆಟ, ನಮಗ್ಯಾಕೆ ಅದರ ಉಸಾಬರಿ" ಅನ್ನುವವರೇ ಹೆಚ್ಚು. ನಾನೂ ಆಡುವವನಲ್ಲ ಬಿಡಿ. ಚೆಂಬೂರಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು, 1927ರಲ್ಲಿ ಶುರುವಾದ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇಲ್ಲೇ ಇದೆ, ಆದರೂ ಒಂದು ದಿನ ಕೋಲು ಹಿಡಿದಿಲ್ಲ. ನನಗೆ ಹಿಡಿದಿರುವುದು ಈ ಆಟದ ಲೆಕ್ಕದ ಹುಚ್ಚು. ಚೀಲದಲ್ಲಿ 14 ಕೋಲು, ಮುಂದೆ 150 ಗಜ ದೂರದಲ್ಲಿ ಗುಳಿ. ಯಾವುದನ್ನು ತೆಗೆಯಬೇಕು? ಈ ಒಂದು ಪ್ರಶ್ನೆಯ ಹಿಂದೆ ನೂರು ವರ್ಷದ ಚರಿತ್ರೆ ಇದೆ ನೋಡಿ.

(ಕ್ಲಬ್ ಅಂದರೆ ಆಡುವ ಸಂಘವೂ ಹೌದು, ಹೊಡೆಯುವ ಕೋಲೂ ಹೌದು. ಗೊಂದಲ ಬೇಡ ಅಂತ ಹೊಡೆಯುವುದನ್ನು ಕೋಲು ಎಂದೇ ಬರೆಯುತ್ತೇನೆ.)

ಮೊದಲು ಸ್ವಲ್ಪ ವಿವರ. ಕೋಲಿನ ತುದಿಯಲ್ಲಿರುವ ಲೋಹದ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎನ್ನುವುದಕ್ಕೆ ಲಾಫ್ಟ್ ಅನ್ನುತ್ತಾರೆ, ಡಿಗ್ರಿಯಲ್ಲಿ ಅಳೆಯುತ್ತಾರೆ. ವಾಲಿದಷ್ಟೂ ಚೆಂಡು ಮೇಲಕ್ಕೆ ಏರುತ್ತದೆ, ಹತ್ತಿರ ಬೀಳುತ್ತದೆ, ಬಿದ್ದ ಮೇಲೆ ಹೆಚ್ಚು ಉರುಳುವುದಿಲ್ಲ. ನಂಬರ್ ಹೆಚ್ಚಾದಂತೆ ವಾಲು ಹೆಚ್ಚು, ಉದ್ದ ಕಡಿಮೆ. ಒಂದು ನಂಬರಿಗೂ ಮುಂದಿನ ನಂಬರಿಗೂ ಹತ್ತು ಹದಿನೈದು ಗಜದ ವ್ಯತ್ಯಾಸ. ಮೊದಲ ಹೊಡೆತ ದೂರಕ್ಕೆ ಹೊಡೆದಾದ ಮೇಲೆ ಗುಳಿ ಇರುವ ನುಣುಪು ಹುಲ್ಲಿಗೆ, ಅಂದರೆ ಗ್ರೀನ್‌ಗೆ, ಚೆಂಡನ್ನು ಇಳಿಸುವ ಹೊಡೆತವೇ ಅಪ್ರೋಚ್. ಮಧ್ಯಮ ದೂರದ ಅಪ್ರೋಚ್‌ಗೆ 5, 6, 7ನೇ ನಂಬರಿನ ಐರನ್‌ಗಳು. ಎಲ್ಲ ಸರಿಯಾಗಿ ಹೊಡೆದೂ ಕೋಲು ಮಾತ್ರ ತಪ್ಪಾದರೆ ಚೆಂಡು ಗ್ರೀನ್ ಮುಂದಿನ ಮರಳಿಗೋ ಹಿಂದಿನ ಪೊದೆಗೋ ಹೋಗುತ್ತದೆ.

ಈ ನಂಬರುಗಳು ಬಂದದ್ದು ಈಚೆಗೆ. ಅದಕ್ಕೆ ಮೊದಲು ಪ್ರತಿ ಕೋಲಿಗೂ ಹೆಸರಿತ್ತು. ಕ್ಲೀಕ್, ಮಿಡ್-ಐರನ್, ಮ್ಯಾಶಿ, ಸ್ಪೇಡ್ ಮ್ಯಾಶಿ, ನಿಬ್ಲಿಕ್... ಮರದ ತಲೆಯ ಒಂದು ಕೋಲಿಗಂತೂ ಸ್ಪೂನ್ ಎಂದೇ ಹೆಸರು. ಸ್ಕಾಟ್ಲೆಂಡಿನ ಕಮ್ಮಾರ ಬಡಗಿಗಳು ಮಾಡಿದ ಸರಕು, ಒಬ್ಬನ ಮ್ಯಾಶಿಯಂತೆ ಇನ್ನೊಬ್ಬನದು ಇರುತ್ತಿರಲಿಲ್ಲ. ನಮ್ಮ ಅಡುಗೆಮನೆಯ ಸೌಟು, ಹುಟ್ಟು, ಸಟ್ಟುಗ, ಜಾಲರಿ ಇದ್ದ ಹಾಗೆ ಅನ್ನಿ. ಯಾವುದಕ್ಕೆ ಯಾವುದು ಅಂತ ಅಮ್ಮನಿಗೆ ಯಾರೂ ಅಳತೆ ಹೇಳಿಕೊಟ್ಟಿರಲಿಲ್ಲ, ಕೈಗೆ ಗೊತ್ತಿತ್ತು. ಹಿಡಿಕೆ ಹಿಕೊರಿ ಎಂಬ ಮರದ್ದು, ಹೊಡೆಯುವಾಗ ಬಳುಕುತ್ತಿತ್ತು. ದೂರ ಅಳೆಯುವ ಉಪಕರಣವೂ ಇಲ್ಲ. ಕಣ್ಣಿನಲ್ಲೇ ಅಂದಾಜು ಮಾಡಬೇಕು, ಇಲ್ಲವೇ ಚೀಲ ಹೊತ್ತ ಕ್ಯಾಡಿಯನ್ನು ಕೇಳಬೇಕು.

ಆ ಕಾಲದ ಅತಿ ಪ್ರಸಿದ್ಧ ಹೊಡೆತ 1926ರದ್ದು. ಇಂಗ್ಲೆಂಡಿನ ರಾಯಲ್ ಲಿಥಮ್ ಮೈದಾನ, ಬ್ರಿಟಿಷ್ ಓಪನ್ನಿನ ಕೊನೆಯ ದಿನ. ಅಮೆರಿಕದ ಬಾಬಿ ಜೋನ್ಸ್ ಮತ್ತು ಅಲ್ ವಾಟ್ರಸ್ ಜೊತೆಯಾಗಿ ಆಡುತ್ತಿದ್ದಾರೆ, 17ನೇ ಗುಳಿಗೆ ಬರುವಾಗ ಇಬ್ಬರೂ ಸರಿಸಮ. ಜೋನ್ಸ್ ಹೊಡೆದ ಮೊದಲ ಚೆಂಡು ಎಡಕ್ಕೆ ತಿರುಗಿ ಮರಳುಗಾಡಿನಂಥ ಜಾಗದಲ್ಲಿ ಬಿತ್ತು. ವಾಟ್ರಸ್‌ನ ಚೆಂಡು ಎರಡನೇ ಹೊಡೆತಕ್ಕೇ ಗ್ರೀನ್ ಮೇಲೆ ಕೂತಿತು. ಜೋನ್ಸ್‌ಗೆ ಇನ್ನೂ ಸುಮಾರು 175 ಗಜ, ಕಾಲಡಿ ಮರಳು, ಎದುರಿಗೆ ದಿಬ್ಬ. ಅವನು ತೆಗೆದದ್ದು ಮ್ಯಾಶಿ-ಐರನ್, ನಂಬರಿನ ಲೆಕ್ಕದಲ್ಲಿ ಸುಮಾರು 4. ಮರಳಿನಲ್ಲಿ ಇಂಥ ಕೋಲು ಹಿಡಿಯುವುದು ದುಸ್ಸಾಹಸ. ಚೆಂಡಿಗಿಂತ ಮೊದಲು ಒಂದಿಷ್ಟು ಮರಳು ತಾಗಿದರೂ ಹೊಡೆತ ಅಲ್ಲೇ ಸತ್ತುಹೋಗುತ್ತದೆ. ಜೋನ್ಸ್ ಚೆಂಡನ್ನು ಮಾತ್ರ ಎತ್ತಿದ. ಅದು ವಾಟ್ರಸ್‌ನ ಚೆಂಡಿಗಿಂತ ಗುಳಿಗೆ ಹತ್ತಿರ ಹೋಗಿ ನಿಂತಿತು! ಕಂಗಾಲಾದ ವಾಟ್ರಸ್ ಗ್ರೀನ್ ಮೇಲೆ ಮೂರು ಹೊಡೆತ ತೆಗೆದುಕೊಂಡ, ಜೋನ್ಸ್ ಎರಡು ಹೊಡೆತದ ಅಂತರದಲ್ಲಿ ಗೆದ್ದ. ಚೆಂಡು ಬಿದ್ದಿದ್ದ ಕಡೆ ಈಗ ಒಂದು ಫಲಕ ಇದೆ.

ಆಮೇಲೆ ಉಕ್ಕು ಬಂತು. ಉಕ್ಕಿನ ಹಿಡಿಕೆಗೆ ಅಮೆರಿಕದಲ್ಲಿ 1924ರಲ್ಲೇ ಒಪ್ಪಿಗೆ, ಬ್ರಿಟನ್ನಿನಲ್ಲಿ 1929ರಲ್ಲಿ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನ ಸರಣಿ ಕೋಲುಗಳು ತಯಾರಾದವು. 1930ರ ದಶಕದ ಆರಂಭದಲ್ಲಿ ಸ್ಪಾಲ್ಡಿಂಗ್ ಕಂಪನಿ ಬಾಬಿ ಜೋನ್ಸ್ ಹೆಸರಿನಲ್ಲೇ ನಂಬರು ಹಾಕಿದ ಸೆಟ್ ಮಾರಾಟಕ್ಕೆ ತಂದಿತು. ಹೆಸರಿನ ಕಾಲದ ದೊಡ್ಡ ಆಟಗಾರನೇ ನಂಬರಿನ ಕಾಲಕ್ಕೆ ಬಾಗಿಲು ತೆರೆದ.

ನಂಬರು ಬಂದ ಮೇಲೆ ಆಸೆಗೆ ಮಿತಿ ಇರುತ್ತದೆಯೇ? ಪ್ರತಿ ಐದು ಗಜಕ್ಕೊಂದು ಕೋಲು ಇದ್ದರೆ ಯೋಚನೆಯೇ ಬೇಡವಲ್ಲ! 1934 ಮತ್ತು 1935ರಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ಅಮೆಚೂರ್ ಪಂದ್ಯ ಗೆದ್ದ ಲಾಸನ್ ಲಿಟಲ್‌ನ ಚೀಲದಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಕೋಲು ಇರುತ್ತಿದ್ದವು. ಹೊರುವವನು ಕ್ಯಾಡಿ, ಪಾಪ. ಕೊನೆಗೆ ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲಿ, ಮರುವರ್ಷ ಸ್ಕಾಟ್ಲೆಂಡಿನ ಸಂಸ್ಥೆ 14 ಕೋಲಿನ ಮಿತಿ ಹಾಕಿದವು. ಕ್ಯಾಡಿಯ ಭುಜದ ಭಾರ ಒಂದು ಕಾರಣ. ಆಟಗಾರನ ಕೈಚಳಕ ಸತ್ತುಹೋಗುತ್ತಿದೆ, ಕೋಲನ್ನು ಕೊಳ್ಳುತ್ತಿದ್ದಾರೆ, ಹೊಡೆತವನ್ನು ಕಲಿಯುತ್ತಿಲ್ಲ ಎಂಬುದು ಇನ್ನೊಂದು. ಹತ್ತಕ್ಕೂ ಅಲ್ಲ, ಹನ್ನೆರಡಕ್ಕೂ ಅಲ್ಲ, ಹದಿನಾಲ್ಕಕ್ಕೇ ಯಾಕೆ ಅಂತ ಕೇಳಬೇಡಿ. ನಮ್ಮ ಬ್ಯಾಂಕಿನ ಸಾಲದ ಮಿತಿಗಳೂ ಹೀಗೇ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು.

ಗೆರೆ ಎಳೆದದ್ದರಿಂದ ಆಟ ರುಚಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಏನು ಒಯ್ಯಬೇಕು ಅನ್ನುವುದಕ್ಕಿಂತ ಏನು ಬಿಡಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಬೆನ್ ಹೋಗನ್‌ನ ಕಥೆ ಕೇಳಿ. 1949ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಅವನ ಕಾರಿಗೆ ಬಸ್ಸು ಎದುರಿನಿಂದ ಗುದ್ದಿತು. ಹೆಂಡತಿಯನ್ನು ಉಳಿಸಲು ಅವಳ ಕಡೆಗೆ ಬಾಗಿದ, ಅದರಿಂದ ಅವನ ಜೀವವೂ ಉಳಿಯಿತು. ಮತ್ತೆ ನಡೆದರೆ ಹೆಚ್ಚು ಅಂದುಕೊಂಡಿದ್ದವನು ಮರುವರ್ಷ ಜೂನ್‌ನಲ್ಲಿ ಮೆರಿಯನ್ ಮೈದಾನದಲ್ಲಿ ಯು.ಎಸ್. ಓಪನ್ ಆಡಲು ಬಂದ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು. ಹೊರಡುವ ಮೊದಲು ಚೀಲದಿಂದ 7ನೇ ನಂಬರನ್ನು ತೆಗೆದಿಟ್ಟು 1ನೇ ನಂಬರನ್ನು ಹಾಕಿಕೊಂಡ. ಮೆರಿಯನ್‌ನಲ್ಲಿ 7ನೇ ನಂಬರಿನ ಹೊಡೆತ ಬರುವುದೇ ಇಲ್ಲ ಎಂಬುದು ಅವನ ಲೆಕ್ಕ. ಎಲ್ಲರ ಚೀಲದಲ್ಲೂ ನಡುಮನೆಯ ಕಂಬದಂತೆ ಇರುವ ಕೋಲನ್ನೇ ಮನೆಯಲ್ಲಿ ಬಿಡುವುದು ಎಂಥ ಧೈರ್ಯ, ಯೋಚಿಸಿ.

ಕೊನೆಯ ದಿನ 36 ಗುಳಿ ಆಡಬೇಕಿತ್ತು. ಕಾಲು ಮಾತು ಕೇಳುತ್ತಿಲ್ಲ. ಕೊನೆಯ ಗುಳಿಯಲ್ಲಿ ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಟೈ. ಇನ್ನೂರು ಗಜಕ್ಕೂ ಹೆಚ್ಚು ದೂರ ಬಾಕಿ. ಹೋಗನ್ ಹೊಡೆದ, ಚೆಂಡು ಗ್ರೀನ್ ಮೇಲೆ ಇಳಿಯಿತು, ಇನ್ನೆರಡು ಹೊಡೆತಕ್ಕೆ ಗುಳಿ ಸೇರಿತು. ಮರುದಿನದ ಪ್ಲೇ-ಆಫ್‌ನಲ್ಲಿ ಗೆದ್ದೂ ಬಿಟ್ಟ. ಹೊಡೆದು ನಿಂತ ಹೋಗನ್‌ನನ್ನು ಹಿಂದಿನಿಂದ ಹೈ ಪೆಸ್ಕಿನ್ ತೆಗೆದ ಫೋಟೋ ಆ ಆಟದ ಅತಿ ಪ್ರಸಿದ್ಧ ಚಿತ್ರ.

ತಮಾಷೆ ಎಂದರೆ, 1957ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಹೋಗನ್ ಆ ಹೊಡೆತವನ್ನು 2ನೇ ನಂಬರಿನದು ಎಂದು ಬರೆದಿದ್ದಾನೆ! ಮೆರಿಯನ್‌ನಲ್ಲಿರುವ ಫಲಕ 1 ಎನ್ನುತ್ತದೆ. ಆ ಕೋಲು ಆಗಲೇ ಕಳುವಾಗಿ ದಶಕಗಳ ನಂತರ ಸಿಕ್ಕಿತು. ಫೋಟೋ ಇದೆ, ಫಲಕ ಇದೆ, ಕೋಲೂ ಇದೆ, ಆದರೂ ಕೋಲಿನ ನಂಬರಿನ ಬಗ್ಗೆ ಚರ್ಚೆ ಮುಗಿದಿಲ್ಲ.

14ರ ನಿಯಮ ಯಾರ ಮುಖವನ್ನೂ ನೋಡುವುದಿಲ್ಲ. ಜೋನ್ಸ್ ಗೆದ್ದ ಅದೇ ಲಿಥಮ್‌ನಲ್ಲಿ 2001ರ ಓಪನ್. ಕೊನೆಯ ಸುತ್ತಿನ ಮೊದಲ ಗುಳಿಯಲ್ಲೇ ವೇಲ್ಸ್‌ನ ಇಯಾನ್ ವೂಸ್ನಮ್ ಒಂದು ಹೊಡೆತ ಉಳಿಸಿ ಅಗ್ರಸ್ಥಾನಕ್ಕೆ ಸೇರಿಕೊಂಡ. ಎರಡನೇ ಗುಳಿಗೆ ಬಂದಾಗ ಕ್ಯಾಡಿ ಮೆಲ್ಲಗೆ ಹೇಳಿದ ಸುದ್ದಿ: ಚೀಲದಲ್ಲಿ 15 ಕೋಲು ಇವೆ. ಅಭ್ಯಾಸಕ್ಕೆ ಒಯ್ದಿದ್ದ ಎರಡನೇ ಡ್ರೈವರ್ ತೆಗೆದಿಟ್ಟಿರಲಿಲ್ಲ. ಎರಡು ಹೊಡೆತದ ದಂಡ ಬಿತ್ತು. ವೂಸ್ನಮ್ ಕೊನೆಗೆ ಜಂಟಿ ಮೂರನೇ ಸ್ಥಾನ. ಎಣಿಸಿ ಕೊಡುವುದೇ ಕಸುಬಾದ ನನ್ನಂಥವನಿಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಈ ನಡುವೆ ಕಣ್ಣಂದಾಜೂ ಹೋಯಿತು. ಜೀನ್ ಆಂಡ್ರೂಸ್ ಎಂಬ ಅಮೆಚೂರ್ ಆಟಗಾರ ಮರ, ಮರಳುಗುಂಡಿಗಳಿಂದ ಗ್ರೀನ್‌ಗೆ ಇರುವ ದೂರವನ್ನು ಹೆಜ್ಜೆಯಿಂದ ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಅದು ಡೀನ್ ಬೀಮನ್‌ಗೆ ಬಂತು, ಬೀಮನ್‌ನಿಂದ 1961ರಲ್ಲಿ ಜಾಕ್ ನಿಕ್ಲಸ್‌ಗೆ. ನಿಕ್ಲಸ್ ಹಿಡಿದ ಮೇಲೆ ಎಲ್ಲರೂ ಹಿಡಿದರು. ಈಗ ಲೇಸರ್ ಇಟ್ಟು ನೋಡಿದರೆ ಗಜದ ಲೆಕ್ಕ ಕಣ್ಣೆದುರು. 2006ರಿಂದ ಸ್ಥಳೀಯ ನಿಯಮದ ಮೂಲಕ ಅದಕ್ಕೆ ಅವಕಾಶ ಸಿಕ್ಕಿತು, 2019ರಿಂದ ಬೇರೆ ನಿಷೇಧ ಇಲ್ಲದಿದ್ದರೆ ಬಳಸಬಹುದು.

ಆದರೆ ಗಜ ಗೊತ್ತಾದರೆ ಕೋಲು ಗೊತ್ತಾಯಿತೇ? ಇಲ್ಲ ಸ್ವಾಮಿ. ಎದುರು ಗಾಳಿಯೋ ಹಿಂದಿನ ಗಾಳಿಯೋ, ಗ್ರೀನ್ ಮೇಲೆ ಇದೆಯೋ ಕೆಳಗೋ, ಹುಲ್ಲು ಒದ್ದೆಯೋ ಒಣವೋ, ಗುಳಿ ಗ್ರೀನ್‌ನ ಮುಂದಿದೆಯೋ ಹಿಂದೋ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ, ಗಾಳಿ ತೆಳು. ಚೆನ್ನೈನಲ್ಲಿ 150 ಗಜ ಹೋಗುವ ಹೊಡೆತ ಬೆಂಗಳೂರಿನಲ್ಲಿ ನಾಲ್ಕೈದು ಗಜ ಹೆಚ್ಚು ಹೋಗುತ್ತದೆ.

ಇನ್ನು ನಂಬರಿನ ಮೇಲೂ ಭರವಸೆ ಇಡುವಂತಿಲ್ಲ. ನಮ್ಮ ರೂಪಾಯಿಗೆ ಆದದ್ದೇ ಅದಕ್ಕೂ ಆಗಿದೆ. 1970ರ ಸುಮಾರಿಗೆ 7ನೇ ನಂಬರಿನ ವಾಲು 38 ಡಿಗ್ರಿಯ ಆಸುಪಾಸು. ಇಂದು ಹವ್ಯಾಸಿಗಳಿಗೆಂದು ಮಾರುವ 7ನೇ ನಂಬರಿನ ವಾಲು 30ರ ಸುತ್ತಮುತ್ತ, ಕೆಲವದ್ದು 28. ಅಂದರೆ ಹಳೆಯ 5ನೇ ನಂಬರಿನ ಮೇಲೆ 7 ಎಂದು ಕೆತ್ತಿದ ಹಾಗೆ! "ನನ್ನ ಏಳನೇ ನಂಬರು ಎಷ್ಟು ದೂರ ಹೋಗುತ್ತೆ ನೋಡಿ" ಅಂತ ಗಿರಾಕಿ ಹಿಗ್ಗುತ್ತಾನೆ, ಅಂಗಡಿಯವನು ಬಿಲ್ ಹಾಕುತ್ತಾನೆ. ಲೋಹದ ಭಾರವನ್ನು ಕೆಳಗೆ ಇಳಿಸಿರುವುದರಿಂದ ಚೆಂಡು ಮೊದಲಿನಷ್ಟೇ ಎತ್ತರ ಏರುತ್ತದೆ ಎಂಬ ಸಮಜಾಯಿಷಿಯಲ್ಲೂ ಹುರುಳಿದೆ. ಆದರೆ ಹೀಗೆ ಎಲ್ಲ ನಂಬರುಗಳೂ ಜಾರಿದ್ದರಿಂದ ಕೆಳಗೆ ಖಾಲಿ ಜಾಗ ಉಳಿಯಿತು. ಅದನ್ನು ತುಂಬಲು ಗ್ಯಾಪ್ ವೆಜ್ ಎಂಬ ಇನ್ನೊಂದು ಕೋಲು ಬೇಕಾಯಿತು. ಮತ್ತೊಂದು ಬಿಲ್.

ನಮ್ಮ ದೇಶದಲ್ಲಿ ಈ ಆಟ ಹಳೆಯದು. ಕಲ್ಕತ್ತೆಯ ಕ್ಲಬ್ 1829ರದ್ದು, ಬ್ರಿಟನ್ನಿನ ಹೊರಗೆ ಅದಕ್ಕಿಂತ ಹಳೆಯದಿಲ್ಲ. ಬೆಂಗಳೂರಿನದು 1876ರದ್ದು. ಸಾಹೇಬರು ಆಡಿದರು, ಕೋಲು ಆರಿಸಿ ಕೊಟ್ಟವರು ನಮ್ಮ ಹುಡುಗರು. ದಿನಕ್ಕೆ ಮೈಲುಗಟ್ಟಲೆ ಚೀಲ ಹೊತ್ತು, ಬೇರೆಯವರ ನೂರಾರು ಹೊಡೆತ ಎಲ್ಲಿ ಬಿತ್ತು ಅಂತ ನೋಡಿ ನೋಡಿ, ಯಾವ ದೂರಕ್ಕೆ ಯಾವ ಕೋಲು ಎಂಬುದು ಅವರ ಕಣ್ಣಿಗೆ ಬಂತು. ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, ಹಾಗೆ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ. 1993ರಲ್ಲಿ ಇನ್ನೊಮ್ಮೆ ಗೆದ್ದರು. ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿಯೇ ಶುರು ಮಾಡಿದವರು. 2009ರಲ್ಲಿ ಗುರ್‌ಗಾಂವ್‌ನಲ್ಲಿ, ಪ್ಲೇ-ಆಫ್‌ನಲ್ಲಿ ಕೊರಿಯಾದ ಆಟಗಾರನನ್ನು ಸೋಲಿಸಿ ಅದೇ ಓಪನ್ ಗೆದ್ದರು. ಆ ದಿನ ಅವರ ಚೀಲವನ್ನು ಇನ್ನೊಬ್ಬ ಹೊತ್ತಿದ್ದ.