ಕಡಲಡಿಯ ಕೆಸರುಜ್ವಾಲಾಮುಖಿಗಳು: ಅಧ್ಯಯನದ ಇತಿಹಾಸ

ಒಂದು ಭೂಫಲಕವು ಮತ್ತೊಂದರ ಅಡಿಗೆ ಜಾರಿ ಇಳಿಯುವ ಎಡೆಗಳಲ್ಲಿ, ಮೆಕ್ಕಲಿನ ರಾಶಿಯೊಳಗೆ ಸಿಲುಕಿದ ನೀರೂ ಅನಿಲವೂ ಒತ್ತಡ ತಾಳಲಾರದೆ ಕೆಸರನ್ನು ಕೂಡಿಕೊಂಡು ಮೇಲಕ್ಕುಕ್ಕಿ ಕಟ್ಟುವ ದಿಬ್ಬಗಳಿವು. ಕರಿಕಲ್ಲಿನ ಮೇಲೆ ಎರೆಮಣ್ಣು ಹಾಸಿದ ವಿಜಯಪುರ ಸೀಮೆಯಲ್ಲಿ, ಸಿಂದಗಿ ಮೋರಟಗಿಗಳ ಕಡೆ, ಇಂಥದನ್ನು ಹುಡುಕುವುದು ವ್ಯರ್ಥ. ಆದರೂ ಆ ನಾಡಿಗೆ ಇದು ತೀರ ಪರಕೀಯವಾದ ವಿಷಯವಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ನೆಲೆಸಿರುವ ಭಾವಸಾರ ಕ್ಷತ್ರಿಯರ ಕುಲದೇವತೆ ಹಿಂಗುಲಾಂಬಿಕೆಯ ಮೂಲಸ್ಥಾನವಾದ ಹಿಂಗಲಾಜ ಇರುವುದು ಬಲೂಚಿಸ್ತಾನದ ಮಕರಾನ ತೀರದ ಕೆಸರುಗುಡ್ಡಗಳ ನಡುವೆಯೇ. ದೇವಿಯ ಗುಹೆಗೆ ಹೋಗುವ ಮುನ್ನ ಯಾತ್ರಿಕರು ಚಂದ್ರಗುಪ್ ಎಂಬ ಗುಡ್ಡವನ್ನೇರಿ, ಗುಳ್ಳೆಯೇಳುತ್ತ ಕುದಿಯುವಂತೆ ತೋರುವ ಬೂದುಬಣ್ಣದ ಕೆಸರಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ.

ಈ ತೀರದ ಕೆಸರುಕುಂಡಗಳನ್ನು ಶಾಸ್ತ್ರೀಯವಾಗಿ ವರ್ಣಿಸಿದ ಆರಂಭದ ಬರೆಹಗಳಲ್ಲಿ ಸ್ಟಿಫ್ ಎಂಬವರ 1874ರ ಲೇಖನ ಗಣ್ಯವಾದುದು. 1945ರ ನವೆಂಬರ್ 28ರ ಮಹಾಭೂಕಂಪದಲ್ಲಿ ಕರಾವಳಿಯಾಚೆ ಹೊಸ ದ್ವೀಪಗಳೇ ತಲೆಯೆತ್ತಿದುವು, ವಿ. ಪಿ. ಸೋಂಧಿಯವರು ಅವುಗಳ ಜನನವೃತ್ತಾಂತವನ್ನು 1947ರಲ್ಲಿ ಪ್ರಕಟಿಸಿದರು. ಅರಬ್ಬೀ ಫಲಕವು ಯುರೇಷ್ಯಾ ಫಲಕದಡಿಗೆ ನುಸುಳುತ್ತಿದೆಯೆಂಬ ವಿವರಣೆ ಅಂದಿಗೆ ಯಾರ ಕೈಗೂ ಎಟುಕಿರಲಿಲ್ಲ. ಅದು ಎರಡು ದಶಕಗಳಾಚೆಯ ಮಾತು. 2013ರ ಸೆಪ್ಟೆಂಬರ್ 24ರ ಅವಾರಾನ್ ಭೂಕಂಪದ ಬೆನ್ನಿಗೆ, ನೂರಾರು ಕಿಲೋಮೀಟರ್ ದೂರದ ಗ್ವಾದರ್ ಬಳಿ ಮೇಲೆದ್ದ ದ್ವೀಪದ ಬಿರುಕುಗಳಿಂದ ಮಿಥೇನ್ ಅನಿಲ ಹೊರಡುತ್ತಿತ್ತು. ಕಡ್ಡಿ ಗೀರಿದರೆ ಉರಿ ಹತ್ತುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಲೆಗಳು ಅದನ್ನು ಕರಗಿಸಿಬಿಟ್ಟುವು. ಆ ಕಂಪನ ಹುಟ್ಟಿದ್ದು ಒಳನಾಡಿನ ಸ್ತರಭಂಗದಲ್ಲಿ, ಫಲಕಗಳ ಕಡಲಡಿಯ ಸಂಧಿಯಲ್ಲಲ್ಲ. ಆದುದರಿಂದ ದ್ವೀಪ ಎದ್ದಿತೆಂಬ ಮಾತ್ರಕ್ಕೆ ಸಂಧಿಯೇ ಜಾರಿತೆಂದು ತೀರ್ಮಾನಿಸುವುದು ಅವಸರವೇ ಸರಿ.

ಮಕರಾನದ ಕೆಸರು ಮೆಕ್ಕಲಿನದಾದರೆ, ಪೆಸಿಫಿಕ್ಕಿನ ಮರಿಯಾನ ಕಂದಕದ ಪಕ್ಕದ ಕಡಲಡಿಯ ಗುಡ್ಡಗಳದು ಇನ್ನೂ ಆಳದ್ದು. ಇಳಿಯುವ ಫಲಕ ಬಿಟ್ಟುಕೊಟ್ಟ ನೀರು ಮೇಲಿನ ಮ್ಯಾಂಟಲ್ ಶಿಲೆಯನ್ನು ನೆನೆಸಿ ಸರ್ಪೆಂಟೈನ್ ಆಗಿ ಮಾರ್ಪಡಿಸಿದ ಹಸಿರು-ನೀಲಿ ಕೆಸರು ಅದು. ಅದರ ನೀರಿನ ಕ್ಷಾರತೆ ಪಿಎಚ್ 12ನ್ನೂ ಮೀರುವುದುಂಟು. ಕೊರೆಯಂತ್ರ ತಲುಪಲಾಗದ ಆಳದ ಶಿಲಾಖಂಡಗಳನ್ನು ಕೆಸರೇ ಹೊತ್ತು ತರುತ್ತದೆ. 1989ರಲ್ಲಿ ಕೋನಿಕಲ್ ಗುಡ್ಡವನ್ನೂ 2001ರಲ್ಲಿ ದಕ್ಷಿಣ ಚಮೋರೊ ಗುಡ್ಡವನ್ನೂ ಕೊರೆದುದರಿಂದ ತೊಡಗಿದ ಈ ಶೋಧ, ಹವಾಯಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಫ್ರೈಯರ್ ಮುಂದಾಳುಗಳಲ್ಲೊಬ್ಬರಾಗಿದ್ದ 2016-17ರ ಯಾತ್ರೆಯಲ್ಲಿ ಮತ್ತೆ ಮೂರು ಗುಡ್ಡಗಳಿಗೆ ವಿಸ್ತರಿಸಿತು. ಕಂದಕದಿಂದ ದೂರ ಸರಿದಂತೆ ಗುಡ್ಡಗಳ ನೀರಿನಲ್ಲಿ ಸುಣ್ಣದಂಶ ತಗ್ಗಿ ಕಾರ್ಬೊನೇಟ್ ಹೆಚ್ಚುವುದನ್ನು ಹಿಡಿದು, ಇಳಿಯುವ ಫಲಕವು ಯಾವ ಆಳದಲ್ಲಿ ಏನನ್ನು ಕಳೆದುಕೊಳ್ಳುತ್ತದೆಂದು ವಿಜ್ಞಾನಿಗಳು ಲೆಕ್ಕಹಾಕುತ್ತಿದ್ದಾರೆ.