ಒಳಮನೆಯೇ ಬರೆದ ಚರಿತ್ರೆ: ಆಶಾಪೂರ್ಣಾ ದೇವಿ ಮತ್ತು ಬಂಗಾಳಿ ಕಾದಂಬರಿ

ಬಂಗಾಳಿ ಕಾದಂಬರಿ ಮೊದಲಿನಿಂದಲೂ ಹೆಣ್ಣಿನ ಕಥೆಯನ್ನೇ ಹೇಳುತ್ತ ಬಂದಿದೆ. 1865ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂತು. ಅವರ ‘ವಿಷವೃಕ್ಷ’ದಲ್ಲೂ ರವೀಂದ್ರರ ‘ಚೋಖೇರ್ ಬಾಲಿ’ಯಲ್ಲೂ ತರುಣ ವಿಧವೆಯ ಬಾಳೇ ಕಥೆಯ ನಡು. ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದಾಗ ನಮ್ಮವರೂ ಈ ನಾಯಕಿಯರಿಗಾಗಿ ಮರುಗಿದರು. ಆದರೆ ಆ ಕಥೆಗಳನ್ನು ಹೇಳಿದವರು ಗಂಡಸರು. ಒಳಮನೆಯ ಹೆಂಗಸೇ ತನ್ನ ಕಾಲದ ಚರಿತ್ರೆಯನ್ನು ಬರೆಯಲು ಕೋಲ್ಕತ್ತದಲ್ಲಿ ಸುಮಾರು ನೂರು ವರ್ಷ ಹಿಡಿಯಿತು.

ಆ ನಗರದಲ್ಲಿ ಬೆಥೂನ್ ಬಾಲಕಿಯರ ಶಾಲೆ 1849ರಲ್ಲೇ ತೆರೆದಿತ್ತು. ರವೀಂದ್ರರ ಅಕ್ಕ ಸ್ವರ್ಣಕುಮಾರಿ ದೇವಿ 1876ರಲ್ಲಿ ‘ದೀಪನಿರ್ವಾಣ’ ಕಾದಂಬರಿ ಬರೆದರು, ಮುಂದೆ ‘ಭಾರತಿ’ ಪತ್ರಿಕೆಯ ಸಂಪಾದಕಿಯೂ ಆದರು. 1911ರಲ್ಲಿ ಬೇಗಂ ರುಕಿಯಾ ಮುಸ್ಲಿಂ ಹುಡುಗಿಯರಿಗಾಗಿ ಇಲ್ಲಿಯೇ ಶಾಲೆ ನಡೆಸತೊಡಗಿದರು. ಹಾಗಿದ್ದೂ ಸಂಪ್ರದಾಯಸ್ಥ ಮನೆಗಳ ಹೆಣ್ಣುಮಕ್ಕಳಿಗೆ ಶಾಲೆ ದೂರವೇ ಉಳಿದಿತ್ತು. ಅಂಥದೊಂದು ಮನೆಯಲ್ಲಿ, ಉತ್ತರ ಕೋಲ್ಕತ್ತದಲ್ಲಿ, 1909ರ ಜನವರಿ 8ರಂದು ಆಶಾಪೂರ್ಣಾ ಹುಟ್ಟಿದರು.

ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಕೂಡದೆಂಬುದು ಅಜ್ಜಿಯ ಕಟ್ಟಪ್ಪಣೆ. ಅಣ್ಣಂದಿರು ಓದುವಾಗ ಎದುರು ಕೂತು ನೋಡಿಯೇ ಆಶಾಪೂರ್ಣಾ ಅಕ್ಷರ ಕಲಿತರು. ತಾಯಿ ಸರಲಾಸುಂದರಿ ಪುಸ್ತಕವೆಂದರೆ ಪ್ರಾಣ ಬಿಡುವವರು. ಗ್ರಂಥಾಲಯಗಳಿಂದ ಅವರಿಗಾಗಿ ಬರುತ್ತಿದ್ದ ಪುಸ್ತಕ, ಪತ್ರಿಕೆಗಳೇ ಮಗಳಿಗೂ ಪಾಠವಾದವು. 1922ರಲ್ಲಿ ‘ಶಿಶುಸಾಥಿ’ ಎಂಬ ಮಕ್ಕಳ ಪತ್ರಿಕೆ ಆಕೆಯ ಮೊದಲ ಪದ್ಯವನ್ನು ಅಚ್ಚುಮಾಡಿತು. ಹದಿನೈದರ ಹರೆಯದಲ್ಲಿ ಕಾಳಿದಾಸ ಗುಪ್ತರೊಡನೆ ಮದುವೆಯಾಯಿತು. ಮೊದಲು ಮಕ್ಕಳ ಕಥೆ, ಆಮೇಲೆ ದೊಡ್ಡವರ ಕಥೆ, 1944ರಲ್ಲಿ ‘ಪ್ರೇಮ್ ಓ ಪ್ರಯೋಜನ್’ ಎಂಬ ಮೊದಲ ಕಾದಂಬರಿ. ಮನೆಗೆಲಸವನ್ನೆಲ್ಲ ಮುಗಿಸಿ, ಉಳಿದವರು ಮಲಗಿದ ಮೇಲೆ ಬರೆಯುತ್ತಿದ್ದ ಈ ಗೃಹಿಣಿ ನೂರಾರು ಕೃತಿಗಳನ್ನು ಕೊಟ್ಟರು.

ಅವುಗಳ ಶಿಖರ ಮೂರು ಕಾದಂಬರಿಗಳ ಸರಣಿ: ‘ಪ್ರಥಮ ಪ್ರತಿಶ್ರುತಿ’ (1964), ‘ಸುವರ್ಣಲತಾ’ (1967), ‘ಬಕುಲ್ ಕಥಾ’ (1974). ಎಂಟರ ಎಳವೆಯಲ್ಲಿ ಮದುವೆಯಾದ ಸತ್ಯವತಿ ಹಳ್ಳಿ ಬಿಟ್ಟು, ಗಂಡನನ್ನೂ ಹೊರಡಿಸಿಕೊಂಡು ಕೋಲ್ಕತ್ತದಲ್ಲಿ ಸಂಸಾರ ಹೂಡುತ್ತಾಳೆ. ಮಗಳು ಸುವರ್ಣಳನ್ನು ಓದಿಸಬೇಕೆಂಬುದು ಅವಳ ಹಂಬಲ. ಆದರೆ ಸತ್ಯವತಿಯ ಅತ್ತೆ ಅವಳಿಗೆ ತಿಳಿಯದಂತೆ ಒಂಬತ್ತು ವರ್ಷದ ಆ ಹುಡುಗಿಯ ಮದುವೆ ಮುಗಿಸಿಬಿಡುತ್ತಾಳೆ. ಸತ್ಯವತಿ ಅಳುತ್ತ ಕೂರದೆ ಸಂಸಾರವನ್ನೇ ಬಿಟ್ಟು ನಡೆಯುತ್ತಾಳೆ. ಸುವರ್ಣ ಬೇಡಿದ್ದು ಬೀದಿಯತ್ತ ತೆರೆದ ಒಂದು ವರಾಂಡ, ಅದೂ ದಕ್ಕುವುದಿಲ್ಲ. ಅವಳ ಮಗಳು ಬಕುಲ್ ಲೇಖಕಿಯಾಗುತ್ತಾಳೆ. ಮೂರು ತಲೆಮಾರುಗಳ ಈ ಕಥನದಲ್ಲಿ ವಸಾಹತು ಕಾಲದ ಬಂಗಾಳವೆಲ್ಲ ಇದೆ, ಆದರೆ ಅದನ್ನು ನೋಡಿದ್ದು ಅಡುಗೆಮನೆ, ಅಟ್ಟ, ಬಾಣಂತಿ ಕೋಣೆಗಳಿಂದ. ಸುಧಾರಣೆಯ ಭಾಷಣಗಳು ಹೊಸ್ತಿಲು ದಾಟಿ ಒಳಗೆ ಬಂದವೇ ಎಂದು ಆಶಾಪೂರ್ಣಾ ಪ್ರತಿ ಪುಟದಲ್ಲೂ ಕೇಳುತ್ತಾರೆ. ಸರಕಾರಿ ದಾಖಲೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

‘ಪ್ರಥಮ ಪ್ರತಿಶ್ರುತಿ’ಗೆ 1966ರಲ್ಲಿ ರವೀಂದ್ರ ಪುರಸ್ಕಾರ ಬಂತು. ಅದೇ ಕೃತಿಗೆ 1976ರ ಜ್ಞಾನಪೀಠ. 1965ರಲ್ಲಿ ಆರಂಭವಾದ ಆ ಪ್ರಶಸ್ತಿ ಮಹಿಳೆಗೆ ಸಂದದ್ದು ಅದೇ ಮೊದಲು. 1994ರಲ್ಲಿ ಸಾಹಿತ್ಯ ಅಕಾಡೆಮಿ ಫೆಲೋಶಿಪ್ ನೀಡಿ ಗೌರವಿಸಿತು. 1995ರ ಜುಲೈ 13ರಂದು ಅವರು ತೀರಿಕೊಂಡರು.

ಆಶಾಪೂರ್ಣಾ ಅವರ ಲೋಕಕ್ಕೆ ಮಧ್ಯಮವರ್ಗದ ಗೋಡೆಗಳೇ ಎಲ್ಲೆ. ಅದೇ ಮನೆಗಳಲ್ಲಿ ದುಡಿಯುವ ಹೆಣ್ಣಿನ ಕಡೆಗೆ ಕಥನವನ್ನು ತಿರುಗಿಸಿದವರು ಮಹಾಶ್ವೇತಾ ದೇವಿ. ಅವರ ‘ಸ್ತನದಾಯಿನಿ’ಯ ಯಶೋದೆ ಕೋಲ್ಕತ್ತದ ಸಿರಿವಂತರ ಮಕ್ಕಳಿಗೆ ಹಾಲೂಡಿ ಜೀವ ತೇದವಳು. ‘ಹಜಾರ್ ಚುರಾಶೀರ್ ಮಾ’ (1974) ನಕ್ಸಲೀಯನೆಂದು ಕೊಲೆಯಾದ ಮಗನನ್ನು ಅರಿಯಲು ಹೊರಟ ತಾಯಿಯ ಕಥೆ. ಬಿರ್ಸಾ ಮುಂಡಾನನ್ನು ಕುರಿತ ‘ಅರಣ್ಯೇರ್ ಅಧಿಕಾರ್’ಗೆ 1979ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು, 1996ರಲ್ಲಿ ಜ್ಞಾನಪೀಠವೂ ಒಲಿಯಿತು. ಎಚ್.ಎಸ್. ಶ್ರೀಮತಿ ಅವರ ಅನುವಾದಗಳಿಂದ ಮಹಾಶ್ವೇತಾ ಕನ್ನಡಿಗರಿಗೆ ಹತ್ತಿರದವರಾದರು.

ಆಶಾಪೂರ್ಣಾ ಅವರಿಗೆ ಜ್ಞಾನಪೀಠ ಸಂದ 1976ರಲ್ಲೇ ಕನ್ನಡದಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಪ್ರಕಟವಾಯಿತು. ಅದರ ನಾಯಕಿಯಾದ ಮಲೆನಾಡಿನ ಬಾಲವಿಧವೆಗೂ ಬಂಗಾಳದ ಸತ್ಯವತಿಗೂ ಪರಿಚಯವಿಲ್ಲ, ಪಾಡು ಮಾತ್ರ ಒಂದೇ. ಎರಡೂ ಕಡೆ ವಿಮರ್ಶೆ ಬಹುಕಾಲ ಇಂಥ ಬರಹವನ್ನು ಸಂಸಾರದ ಕಥೆ, ಹೆಂಗಸರ ಓದು ಎಂದು ಪಕ್ಕಕ್ಕಿಟ್ಟಿತು. ಅದು ದೊಡ್ಡ ಅನ್ಯಾಯ. ಬಾಲ್ಯವಿವಾಹ, ವೈಧವ್ಯ, ನಿರಾಕರಿಸಿದ ವಿದ್ಯೆ ಇವೆಲ್ಲ ದೇಶದ ಅರ್ಧ ಜನರ ಚರಿತ್ರೆ. ಅದನ್ನು ಬರೆದವರನ್ನು ಚರಿತ್ರಕಾರರ ಸಾಲಿನಲ್ಲೇ ಕೂರಿಸಿ ಓದಬೇಕು, ಕಾಲೇಜುಗಳ ಇತಿಹಾಸದ ತರಗತಿಗಳಲ್ಲೂ ಪಾಠ ಮಾಡಬೇಕು.