ಬಾವಿಗೆ ಬಂದ ಕ್ಲೋರಿನ್

ಭಟ್ಕಳ ತಾಲ್ಲೂಕಿನ ಮಾವಳ್ಳಿಯಂಥ ಕರಾವಳಿಯ ಊರುಗಳಲ್ಲಿ ಮಳೆಗಾಲ ಬಂತೆಂದರೆ ತೆರೆದ ಬಾವಿಯ ನೀರು ಮೇಲೇರುತ್ತದೆ. ಅಂಗಳದ ಕೊಳೆಯೂ ಹರಿದು ಬಾವಿಯನ್ನು ಸೇರಬಹುದು. ಆಗ ಬಾವಿಗೆ ಹಾಕುವ ಬಿಳಿಯ ಬ್ಲೀಚಿಂಗ್ ಪುಡಿಯ ಘಾಟು ನಿಮಗೆ ಗೊತ್ತೇ ಇದೆ. ಈ ಪುಡಿ ಬಾವಿಗೆ ಬಂದುದು ಹೇಗೆ?

1774ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಎಂಬ ವಿಜ್ಞಾನಿ ಮ್ಯಾಂಗನೀಸಿನ ಕಪ್ಪು ಅದಿರಿಗೆ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿದಾಗ, ಉಸಿರುಗಟ್ಟಿಸುವ ಹಳದಿ-ಹಸಿರು ಅನಿಲವೊಂದು ಹೊರಬಂತು. ಅದು ಹೂವು, ಎಲೆಗಳ ಬಣ್ಣವನ್ನೇ ಅಳಿಸಿತು. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್, ಅರಳಿಸಿದ ಒಣ ಸುಣ್ಣದಲ್ಲಿ ಈ ಅನಿಲವನ್ನು ಹೀರಿಸಿ ಪುಡಿಯನ್ನು ತಯಾರಿಸಿದ. ಅದು ಬಟ್ಟೆ ಬಿಳಿಮಾಡಲೆಂದು ಹುಟ್ಟಿದ ಪುಡಿ. ಅನಿಲವು ಒಂದು ಮೂಲವಸ್ತುವೆಂದು ಸಾರಿ, 1810ರಲ್ಲಿ ಕ್ಲೋರಿನ್ ಎಂದು ಹೆಸರಿಟ್ಟವನು ಹಂಫ್ರಿ ಡೇವಿ.

ಈ ಪುಡಿಯ ಮೂಲವಸ್ತುಗಳು ನಮ್ಮ ಕರಾವಳಿಗೆ ಹೊಸತಲ್ಲ. ಕ್ಲೋರಿನ್ ಅಡಗಿರುವುದು ಉಪ್ಪಿನಲ್ಲಿ; ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಅಳಿವೆಯ ಚಿಪ್ಪುಗಳನ್ನು ಸುಟ್ಟರೆ ಸುಣ್ಣ. ಆದರೆ ಉಪ್ಪು ರೋಗಾಣುಗಳನ್ನು ಕ್ಲೋರಿನ್ನಿನಂತೆ ಕೊಲ್ಲದು. ಅಲ್ಲಿ ಕ್ಲೋರಿನ್ ಸೋಡಿಯಂನೊಡನೆ ಬೆಸೆದು ಶಾಂತವಾಗಿದೆ. ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಬಿಡುಗಡೆಯಾಗುತ್ತದೆ.

ಬಿಡುಗಡೆಯಾದ ಕ್ಲೋರಿನ್ ನೀರಿನೊಡನೆ ವರ್ತಿಸಿ ಎರಡು ಆಮ್ಲಗಳನ್ನು ಕೊಡುತ್ತದೆ: ಹೈಡ್ರೊಕ್ಲೋರಿಕ್ ಮತ್ತು ಹೈಪೋಕ್ಲೋರಸ್. ಎರಡನೆಯದೇ ರೋಗಾಣುವಿನ ಕೋಶದೊಳಗೆ ನುಗ್ಗಿ ಅದನ್ನು ಕೊಲ್ಲುವುದು. ಪುಡಿ ನೀರಿಗೆ ಬಿದ್ದಾಗಲೂ ಇದೇ ಆಮ್ಲ ಹುಟ್ಟುತ್ತದೆ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ವಿಷಮಶೀತ ಜ್ವರ ಹರಡಿದಾಗ ನೀರಿನ ಕೊಳವೆಗಳನ್ನು ಈ ಪುಡಿಯಿಂದ ಶುದ್ಧಗೊಳಿಸಿದರು. 1908ರಲ್ಲಿ ಅಮೆರಿಕದ ಜೆರ್ಸಿ ನಗರದಲ್ಲಿ ಕ್ಲೋರಿನ್ ಬೆರೆಸಿದ ನೀರಿನ ಪೂರೈಕೆ ನಿತ್ಯದ ಕ್ರಮವಾಯಿತು.

ಆದರೆ ಏಳೇ ವರ್ಷಗಳಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಇದೇ ಅನಿಲವನ್ನು ಗಾಳಿಗೆ ಬಿಟ್ಟಿತು. ನಾಲ್ಕು ದಿನಗಳ ನಂತರ ಭಾರತೀಯ ಸೈನಿಕರೂ ಅದಕ್ಕೆ ಸಿಕ್ಕಿಬಿದ್ದರು. ಶ್ವಾಸಕೋಶದ ಒಳಪದರವೂ ತೇವವಾದುದೇ ಅಲ್ಲವೇ? ನೀರಿನಲ್ಲಿ ರೋಗಾಣುವನ್ನು ಕೊಂದ ಕ್ರಿಯೆ ಅಲ್ಲಿ ಮನುಷ್ಯನನ್ನು ಕೊಂದಿತು.

ಆದ್ದರಿಂದ ಅಳತೆ ಮುಖ್ಯ. 1000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಸಾಕು. ಬೆರೆಸಿ ಒಂದು ಗಂಟೆ ಕಾಯಬೇಕು. ಕೊಳೆಯಿದ್ದರೆ ಕ್ಲೋರಿನ್ ಅದರೊಡನೆಯೇ ವರ್ತಿಸಿ ಮುಗಿದುಹೋಗುತ್ತದೆ, ಆಗ ಹೆಚ್ಚು ಬೇಕು. ಬಿಸಿಲೂ ಅದನ್ನು ಒಡೆಯುತ್ತದೆ. ಸಂಜೆ ಹಾಕುವುದು ಮೇಲು. ಪುಡಿಯ ಡಬ್ಬಿ ಮುಚ್ಚಿರಲಿ. ಶೌಚಾಲಯ ತೊಳೆಯುವ ಆಮ್ಲವನ್ನು ಮಾತ್ರ ಎಂದಿಗೂ ಇದರೊಡನೆ ಬೆರೆಸಬೇಡಿ. ಬೆರೆಸಿದರೆ ಷೀಲೆ ಕಂಡ ಅನಿಲ ನಿಮ್ಮ ಮನೆಯಲ್ಲೇ ಹೊರಬರುತ್ತದೆ.